ಮಾವನನ್ನು ಬಿಟ್ಟು ಬಂದ ಕಣಿವೆ

ಅಕ್ಟೋಬರ್ 24, ಬೆಳಿಗ್ಗೆ. ಡೇರೆ.

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ: ನನ್ನ ಹೆಂಡತಿ ಕಾರ್ಲಿಸ್ ತನ್ನಪ್ಪನಿಗೆಂದು ಕಟ್ಟಿಕೊಟ್ಟಿದ್ದ ಕೊನೆಯ ದಾಲ್ಚಿನ್ನಿ ರೋಲನ್ನು ನಸುಕಿನಲ್ಲಿ ತಿಂದವನು ನಾನೇ. ಆರೋಪ ಹೊತ್ತದ್ದು ಡೇರೆಗೆ ನುಗ್ಗಿ ಕದಿಯುವ ಬೂದು ಹಕ್ಕಿ. ಅದಕ್ಕೆ ವಕೀಲರಿಲ್ಲ.

ಥೇನ್ ಮಾವ ನಂಬಿದಂತೆ ಕಂಡರು. "ಹಕ್ಕಿ ಬಹಳ ಬೆಳೆದಿದೆ ಅಳಿಯಂದ್ರೇ. ಮೀಸೇಲಿ ಸಕ್ಕರೆ ಅಂಟಿಸ್ಕೊಂಡು ಕೂತಿದೆ."

ಎಲ್ಕ್‌ಗಳ, ಅಂದರೆ ನಾವು ಬೇಟೆಗೆ ಬಂದಿರುವ ಈ ದೊಡ್ಡ ಜಿಂಕೆಗಳ, ಬೆದೆಗಾಲ ಮುಗಿದಿದೆ. ಗಂಡುಗಳು ಬಾಯಿಗೆ ಬೀಗ ಹಾಕಿವೆ. ಕಾಲುದಾರಿ ಶುರುವಾಗುವಲ್ಲಿ ಪಿಕಪ್ ನಿಲ್ಲಿಸಲು ಜಾಗವಿಲ್ಲ. ಪ್ರತಿ ದಿಬ್ಬದ ಮೇಲೂ ಇನ್ನೊಬ್ಬ ಬೇಟೆಗಾರನ ಕಿತ್ತಳೆ ಟೋಪಿ, ಒಂದು ದುರ್ಬೀನು. ನಮಗೆ ಕಂಡದ್ದು ಹಳೇ ಹಿಕ್ಕೆ.

ಅಕ್ಟೋಬರ್ 25.

ಮಾವನ ಪ್ರಕಾರ ಬೆದೆ ಮುಗಿಸಿದ ಗಂಡು ಎಲ್ಕ್ ಅಂದರೆ ಮಗಳ ಮದುವೆ ಮುಗಿಸಿದ ಅಪ್ಪ. ಮೈ ಇಳಿದಿದೆ, ಯಾರ ಮುಖವೂ ಬೇಡ. ಹುಲ್ಲು, ನೀರು, ಕತ್ತಲೆಯಂಥ ನೆರಳು ಒಂದೇ ಕಡೆ ಸಿಗಬೇಕು; ಮನುಷ್ಯನ ಕಾಲು ಬೀಳಬಾರದು. ಈಗ ಪೀಪಿ ಊದಿ ಎಲ್ಕ್ ದನಿಯಲ್ಲಿ ಕರೆದರೆ ಇನ್ನೂ ದೂರ ಓಡುತ್ತದೆ.

"ಹಾಗಾದ್ರೆ ಎಲ್ಲಿರತ್ತೆ ಮಾವ?"

"ಯಾರೂ ಹೋಗದ ಕಡೆ."

"ಯಾಕೆ ಹೋಗಲ್ಲ?"

"ಗ್ರಿಜ್ಲಿ ಕರಡಿ ಇರತ್ತಲ್ಲ." ಪಕ್ಕದ ಮನೆಯವರ ಬಗ್ಗೆ ಹೇಳಿದ ಹಾಗೆ.

ಸುಟ್ಟ ಮರಗಳು ಅಡ್ಡಾದಿಡ್ಡಿ ಬಿದ್ದ ಬೆಟ್ಟದಾಚೆ ಒಂದು ಕಣಿವೆ. ಅವರಪ್ಪ ಕಂಡುಹಿಡಿದದ್ದು. ಕಾರ್ಲಿಸ್‌ಗೂ ಹೇಳಿಲ್ಲವಂತೆ. ಇನ್ನೊಬ್ಬ ಬೇಟೆಗಾರನ ಕಿವಿಗೆ ಬಿದ್ದರೆ ಆ ಕಣಿವೆ ಸತ್ತಂತೆ. ನನ್ನಿಂದ ಆಣೆ ಹಾಕಿಸಿಕೊಂಡರು.

"ಹೆದರಿಕೆನಾ ಅಳಿಯಂದ್ರೇ?"

"ಕರಡಿ ಹೆದರ್ಕೋಬೇಕು" ಅಂದೆ. ದನಿ ಸ್ವಲ್ಪ ಸಣ್ಣಗಾಯಿತು.

ಅಕ್ಟೋಬರ್ 27, ಸಂಜೆ. ಡೇರೆ. ಒಬ್ಬನೇ.

ಎಲ್ಕ್ ಬಿತ್ತು. ಆಚೆ ಇಳಿಜಾರಿನಲ್ಲಿ ಜನ ತುಳಿದು ಎಬ್ಬಿಸಿದ ಗಂಡು ನೇರ ನಮ್ಮ ಕಣಿವೆಗೇ ನುಸುಳಿತು. ಮಾವನ ಒಂದೇ ಗುಂಡು. ಕೊಯ್ದ ತೊಡೆಗಳನ್ನು ಕರಡಿಗೆ ಎಟುಕದಂತೆ ಮರಕ್ಕೆ ಎಳೆದು ಕಟ್ಟುವಾಗ ಅವರ ಮಂಡಿ ಹೊರಳಿತು. ಕಾಲೂರಲಾಗಲಿಲ್ಲ.

"ನನ್ನನ್ನ ಎದುರು ದಿಬ್ಬಕ್ಕೆ ದಾಟಿಸಿ, ನೀನು ಒಂದು ಹೊರೆ ತಗೊಂಡು ಇಳಿ. ನಾನು ಅಲ್ಲೇ ಬೆಂಕಿ ಹಾಕ್ಕೊಂಡಿರ್ತೀನಿ. ಬೆಳಗಾದ್ಮೇಲೆ ಬಾ."

"ಕರಡಿ?"

"ಗುಂಡಿನ ಸದ್ದು ಅದಕ್ಕೆ ಊಟದ ಗಂಟೆ ಕಣೋ. ಬಂದೇ ಬರತ್ತೆ. ಕರುಳಿಗೆ ಬರತ್ತೆ, ನನಗಲ್ಲ."

ಕರಡಿಗೂ ಇದು ಗೊತ್ತಿದೆಯೇ ಎಂದು ಕೇಳಲಿಲ್ಲ.

ಇಳಿದು ಬಂದಾಗ ಪಕ್ಕದ ಡೇರೆಯ ಮೆರ್ಲಾ — ಇಬ್ಬರು ಗಂಡುಮಕ್ಕಳ ಜೊತೆ ಬೇಟೆಗೆ ಬಂದಿರುವಾಕೆ — "ಏನ್ ಮೇಷ್ಟ್ರೇ, ಮಾವನ್ನ ಎಲ್ಲಿ ಮಾರ್ಕೊಂಡ್ ಬಂದ್ರಿ?" ಅಂದಳು. ಮಂಡಿಯ ವಿಷಯ ಹೇಳಿದೆ. ನಗು ನಿಂತಿತು.

"ನಮ್ಮ ಹುಡುಗ್ರು ಬರ್ತಾರೆ. ಯಾವ ಕಡೆ?"

ಬಾಯಿ ತೆರೆದೆ. ಆಣೆ ನೆನಪಾಯಿತು. ಪಶ್ಚಿಮಕ್ಕೆ ಕೈ ತೋರಿಸಿದೆ. ಕಣಿವೆ ಇರುವುದು ಪೂರ್ವಕ್ಕೆ. "ಬೇಡ, ನಾನೊಬ್ಬನೇ ಸಾಕು. ಕರಡಿಗಿರಡಿ ನನಗೆ ಲೆಕ್ಕಕ್ಕಿಲ್ಲ."

ಅಕ್ಷರ ನಡುಗುತ್ತಿದೆ. ಚಳಿಗೆ ಎಂದು ಬರೆದು ಹೊಡೆದುಹಾಕಿದೆ.

ಅಕ್ಟೋಬರ್ 28, ನಸುಕು.

ಮಂಜು. ಎದುರಿನ ಮರ ಕಾಣುತ್ತಿಲ್ಲ. ಮೆರ್ಲಾಳ ಡೇರೆಯಲ್ಲಿ ದೀಪ ಹತ್ತಿದೆ. ಹೋಗಿ ನಿಜ ಹೇಳಿಬಿಡಲೇ? ಮಾವ ಬದುಕಿದ್ದರೆ ನನ್ನನ್ನು ಕ್ಷಮಿಸುವುದಿಲ್ಲ. ಇಲ್ಲದಿದ್ದರೆ… ಕಾರ್ಲಿಸ್‌ಗೆ ಏನು ಹೇಳಲಿ? ಕರಡಿಗೆ ಹೊಡೆಯುವ ಮೆಣಸಿನ ಸ್ಪ್ರೇ ಸೊಂಟದಲ್ಲಿದೆ. ಬೀಗದ ಕೈ ಹಾಗೆ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಹೊರಟೆ.

ಅಕ್ಟೋಬರ್ 30. ಮನೆ.

ಮಾವ ಇದ್ದಾರೆ. ಮೊದಲು ಅದನ್ನು ಬರೆಯಬೇಕು.

ಕಣಿವೆಯ ಬಾಯಿಂದಲೇ ಕೂಗುತ್ತ ಹೋದೆ. "ಏ ಕರಡಿ, ಬರ್ತಿದೀನಿ" — ದಿಢೀರನೆ ಎದುರಾಗದಿರಲೆಂದು. ನಡುನಡುವೆ "ಮಾವ". ಇಬ್ಬರೂ ಓಗೊಡಲಿಲ್ಲ. ಹೊಗೆಯ ವಾಸನೆಯಿಲ್ಲ. ಕಾಗೆಗಳ ಸದ್ದೂ ಇಲ್ಲ.

ಕರುಳು ಬಿಟ್ಟಿದ್ದ ಜಾಗದಲ್ಲಿ ಮಣ್ಣಿನ ಗುಪ್ಪೆ. ಹಸಿ ಮಣ್ಣು, ಹುಲ್ಲು, ಕಿತ್ತ ಬೇರು. ಕರಡಿ ತನ್ನ ಊಟವನ್ನು ಮುಚ್ಚಿಡುವುದು ಹೀಗೆಯೇ. ಆದರೆ ಕರುಳಿಗೆ ಇಷ್ಟು ದೊಡ್ಡದೇ? ಒಬ್ಬ ಮನುಷ್ಯ ಮಲಗುವಷ್ಟು ಉದ್ದ. ಪಕ್ಕದಲ್ಲಿ ಮಾವನ ಕಿತ್ತಳೆ ಟೋಪಿ.

ಕೈಯಿಂದ ಮಣ್ಣು ಸರಿಸಬೇಕು ಅನ್ನಿಸಿತು. ಕೈ ಬರಲಿಲ್ಲ.

ಹಿಂದೆ ರೆಂಬೆ ಮುರಿಯಿತು. ಮತ್ತೊಂದು. ಏನೋ ಭಾರವಾದದ್ದು, ಏದುಸಿರು ಬಿಡುತ್ತ… ತಿರುಗಿ ಸ್ಪ್ರೇ ಒತ್ತಿದೆ.

ಟೋಪಿಯನ್ನು ಮನುಷ್ಯನ ವಾಸನೆಗೆ ಕರಡಿ ಹತ್ತಿರ ಬಾರದಿರಲೆಂದು ಮಾವನೇ ಮಾಂಸಕ್ಕೆ ಸಿಕ್ಕಿಸಿದ್ದರಂತೆ, ಗಾಳಿಗೆ ಬಿದ್ದಿತ್ತು. ಮರದ ಮೇಲಿನ ಮಾಂಸ ಹಾಗೇ ಇತ್ತು; ಗುಪ್ಪೆಯಲ್ಲಿದ್ದದ್ದು ಎಲ್ಕ್‌ನ ಕರುಳು, ಬೆನ್ನೆಲುಬು. ಯಾಕೆ ಓ ಅನ್ನಲಿಲ್ಲ ಎಂದು ಕೇಳಿದೆ.

"ನೀನು ಕೂಗೋ ಹೊತ್ಗೆ ಕರಡಿ ನನ್ನ ಮಗ್ಗುಲಲ್ಲೇ ನಿಂತಿತ್ತು ಕಣೋ. ಬೆಂಕೀನೂ ಆರಿತ್ತು. ಯಾರಿಗೆ ಅಂತ ಓ ಅನ್ಲಿ?" ಮಾವನ ತುಟಿ ಅದುರುವುದನ್ನು ಅಂದೇ ಮೊದಲು… ಕೇಳಿದ್ದು, ಅವರ ದನಿಯಲ್ಲಿ.

ಮೆರ್ಲಾಳ ಹುಡುಗರು ಇಡೀ ದಿನ ಪಶ್ಚಿಮದ ಬೆಟ್ಟದಲ್ಲಿ ಮಾವನನ್ನು ಹುಡುಕಿದರಂತೆ. ಅವಳಿಗೆ ಮುಖ ತೋರಿಸದೆ ಡೇರೆ ಕಿತ್ತೆವು.

ಕಾರ್ಲಿಸ್‌ಗೆ ಹೇಳಿದೆ: "ಕರಡಿಯ ಬಾಯಿಂದ ನಿಮ್ಮಪ್ಪನ್ನ ಕೈ ಹಿಡಿದು ನಡೆಸ್ಕೊಂಡು ಬಂದೆ." ಅತ್ತಳು. ಅಪ್ಪಿಕೊಂಡಳು. ಮಾವ ಇನ್ನೊಂದು ಬಟ್ಟಲು ಸೂಪು ಬಡಿಸಿಕೊಂಡರು.

ಅಕ್ಟೋಬರ್ 31.

ಕಣ್ಣು ಇನ್ನೂ ಉರಿಯುತ್ತಿದೆ.

ರೆಂಬೆ ಮುರಿದದ್ದು ಕರಡಿಯಲ್ಲ, ಕರಡಿ ಅತ್ತ ಹೋದ ಮೇಲೆ ಕೋಲೂರಿಕೊಂಡು ಬಂದ ಮಾವ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಸ್ಪ್ರೇ ಅವರನ್ನು ಮುಟ್ಟಲೂ ಇಲ್ಲ. ಅಷ್ಟೂ ನನ್ನ ಮುಖಕ್ಕೇ. ಆಮೇಲೆ ಕಣ್ಣು ಬಿಡಲಾಗಲಿಲ್ಲ. ಕೈ ಹಿಡಿದದ್ದು ನಿಜ. ಬೆಟ್ಟ ಇಳಿದದ್ದೂ ನಿಜ. ದಾರಿಯುದ್ದಕ್ಕೂ "ಇಲ್ಲಿ ಮರ ಬಿದ್ದಿದೆ, ಕಾಲೆತ್ತಿ ಅಳಿಯಂದ್ರೇ" ಅಂತ ಹೇಳುತ್ತಿದ್ದವರು ಮಾತ್ರ —