ಸವೆದ ನಾಲ್ಕು ಗುಂಡಿಗಳು

ಅಪ್ಪನಿಗೆ ನಮಸ್ಕಾರ.

ಗಾಬರಿಯಾಗಬೇಡಿ, ತಿಜೋರಿ ಒಡೆದಿಲ್ಲ. ನನ್ನ ಅಂಕಪಟ್ಟಿಗಳನ್ನು ಅದರೊಳಗಿಟ್ಟು ಬೀಗ ಹಾಕಿದ ದಿನ ನೀವು, "ಗಣಿತ ಓದಿ ಏನ್ ಕಡಿದು ಕಟ್ಟೆ ಹಾಕ್ತೀಯಾ? ನಂಬರ್ ಗೊತ್ತಾದ್ರೆ ತಗೊಂಡು ಹೋಗು" ಎಂದು ನಕ್ಕಿರಿ. ಸರಿ, ಕಾಲೇಜಿಗೆ ಹೋಗುತ್ತಿದ್ದೇನೆ.

ನಾಲ್ಕಂಕಿಯ ಬೀಗದ ಮೇಲೆ 1, 3, 6, 8ರ ಗುಂಡಿಗಳು ಮಾತ್ರ ನಿಮ್ಮ ಬೆರಳಿಗೆ ಸವೆದಿವೆ. ಗೊತ್ತಾಗಬೇಕಾದದ್ದು ಅವುಗಳ ಕ್ರಮ ಒಂದೇ. ಒಂದೇ ದಿನ ಎರಡು ಸಲ ತಪ್ಪಿದರೆ ಬೀಗ ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ಅದಕ್ಕೇ ನೀವು ಸ್ನಾನಕ್ಕೆ ಹೋದಾಗ ದಿನಕ್ಕೊಂದೇ ಸಲ ಒತ್ತಿದೆ. ಚಿಕ್ಕ ಸಂಖ್ಯೆಯಿಂದ ಶುರು: 1368, ಮರುದಿನ 1386, ಆಮೇಲೆ 1638. ಹೀಗೆ ಏರುತ್ತಾ ಹೋದರೆ ಏನನ್ನೂ ಬರೆದಿಡಬೇಕಿಲ್ಲ. ನಿನ್ನೆಯದು ನೆನಪಿದ್ದರೆ ಇವತ್ತಿನದು ತಾನಾಗಿ ಸಿಗುತ್ತದೆ. ನೀವು ಇಟ್ಟಿದ್ದು ಎಲ್ಲಕ್ಕಿಂತ ದೊಡ್ಡದು, 8631. ಇಪ್ಪತ್ನಾಲ್ಕನೆಯ ದಿನ, ಕೊನೆಯದಕ್ಕೇ ತೆರೆಯಿತು. ನಡುವೆ ಕೈಬಿಡುವವಳಲ್ಲ ನಾನು, ಹಠದಲ್ಲಿ ನಿಮ್ಮ ಮಗಳೇ.

ನನ್ನ ಕಾಗದಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಸ್ನಾನವಾದ ಮೇಲೆ ಗೀಸರ್ ಆರಿಸುವುದನ್ನು ಮರೆಯಬೇಡಿ. ಇಷ್ಟು ದಿನ ನಾನೇ ಆರಿಸುತ್ತಿದ್ದೆ.

ನಂಬರನ್ನು ಬೇಕಾದರೆ ಇವತ್ತೇ ಬದಲಾಯಿಸಿ. ತಂಗಿಯ ಅಂಕಪಟ್ಟಿ ಬರುವ ಹೊತ್ತಿಗೆ ಹೊಸ ನಂಬರಿನ ಗುಂಡಿಗಳೂ ಸವೆದಿರುತ್ತವೆ. ಅವಳಿಗೆ ನಾನು ನಂಬರ್ ಹೇಳಿಲ್ಲ, ಹುಡುಕುವುದನ್ನು ಕಲಿಸಿದ್ದೇನೆ.

ನಿಮ್ಮ ದೊಡ್ಡ ಮಗಳು