ಗೋಡೆ ಗಡಿಯಾರದ ಏಳೂವರೆ

ಮಾರ್ಚ್ 6, ಶುಕ್ರವಾರ

ಡಿಪೋದ ಬಸ್ಸುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಹೊರಡಿಸುತ್ತೇನೆ. ಹದಿನಾಲ್ಕರ ಮಗಳೊಬ್ಬಳನ್ನು ಶಾಲೆಗೆ ಹೊರಡಿಸಲು ಆಗುತ್ತಿಲ್ಲ. ಗೋಡೆ ಗಡಿಯಾರವನ್ನು ಕದ್ದುಮುಚ್ಚಿ ಇಪ್ಪತ್ತು ನಿಮಿಷ ಮುಂದಿಟ್ಟೆ. ಟೈಮ್‌ಕೀಪರ್ ಮಾಡುವ ಕೆಲಸವೇ ಇದು!

ಮಾರ್ಚ್ 9, ಸೋಮವಾರ. ಬೆಳಿಗ್ಗೆ 7.30

ಕೈಗಡಿಯಾರ ರಿಪೇರಿಗೆ ಹೋಗಿದೆ. ಗೋಡೆ ನೋಡಿಯೇ ಟೈಮ್ ಬರೆದೆ. ಮಗಳು ಗುಬ್ಬಿ ಹಲ್ಲುಜ್ಜುತ್ತ, "ಅಪ್ಪಾ, ನನ್ ಬಸ್ ಲೇಟು" ಎಂದು ನಕ್ಕು ಬಾತ್‌ರೂಮಿಗೆ ಹೋದಳು.

ಆಸ್ಪತ್ರೆ, 11.45

ಬಾತ್‌ರೂಮಿನಲ್ಲಿ ಬಿದ್ದಿದ್ದಳು. ಬಲಗೈ, ಬಲಗಾಲು ಎತ್ತಲಾಗದು. ಮಾತಿಲ್ಲ. ಮೊದಲು ಹೋದ ಕ್ಲಿನಿಕ್‌ನಲ್ಲಿ ಮೈಗ್ರೇನ್ ಎಂದು ಎರಡು ಗಂಟೆ ಮಲಗಿಸಿದರು. ಈ ವಯಸ್ಸಿಗೆ ಸ್ಟ್ರೋಕ್ ಎಂದು ಯಾರಿಗೂ ಹೊಳೆಯಲಿಲ್ಲ. ಇಲ್ಲಿ ಸ್ಕ್ಯಾನ್ ಮಾಡಿದ ಮೇಲೆ ಗೊತ್ತಾಯಿತು — ಮಿದುಳಿನ ರಕ್ತನಾಳದಲ್ಲಿ ಹೆಪ್ಪು.

"ಹೆಪ್ಪು ಕರಗಿಸೋ ಔಷಧಿ ಇದೆ. ಮಕ್ಕಳಿಗೆ ಕೊಟ್ಟಿರೋದು ಕಡಿಮೆ," ಎಂದರು ಡಾಕ್ಟರಮ್ಮ. "ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ತಡ ಆದಷ್ಟೂ ಮಿದುಳಲ್ಲಿ ರಕ್ತ ಸೋರೋ ಭಯ ಜಾಸ್ತಿ. ಕೊನೇ ಸಲ ಚೆನ್ನಾಗಿದ್ದಿದ್ದು ಎಷ್ಟೊತ್ತಿಗೆ ನೋಡಿದ್ರಿ?"

ಡೈರಿ ತೆಗೆದು ಟೈಮ್ ಓದಿದೆ. ಏಳೂವರೆ.

"ಸದ್ಯ! ಹನ್ನೆರಡರ ತನಕ ಟೈಮಿದೆ. ಸೈನ್ ಮಾಡಿ."

ಮಾಡಿದೆ. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. "ನಿಮ್ಮ ಡೈರಿ ಹುಚ್ಚೇ ಇವತ್ತು ಮಗೂನ ಉಳಿಸ್ತು ಕಣ್ರಿ."

11.50

ಔಷಧಿ ಶುರು. ಸ್ವಲ್ಪ ಒಮ್ಮೆಗೇ ಚುಚ್ಚಿದರು. ಉಳಿದದ್ದು ಪಂಪಿನಲ್ಲಿ, ಒಂದು ಗಂಟೆ. ತಲೆನೋವು ಅಂದರೆ ರಕ್ತ ಸೋರುತ್ತಿರಬಹುದು, ತಕ್ಷಣ ಕರೆಯಿರಿ ಎಂದರು ನರ್ಸ್.

12.15

ಸುಮ್ಮನೆ ಕೂರಲಾಗದೆ ಬೆಳಗಿನ ಪುಟ ತೆರೆದೆ. ಗೋಡೆ ನೋಡಿಯೇ...

ಏಳೂವರೆ ಅಲ್ಲ. ಏಳು ಹತ್ತು. ಔಷಧಿಯ ಹೊತ್ತು 11.40ಕ್ಕೇ ಮುಗಿದಿತ್ತು.

ಹೇಳಿದರೆ ಪಂಪ್ ನಿಲ್ಲಿಸಬಹುದು. ಹೇಳದಿದ್ದರೆ — ಬರೆಯಲು ಕೈ ಬರುತ್ತಿಲ್ಲ. ಡಾಕ್ಟರಮ್ಮ ಅಗೋ, ಆರು ಹೆಜ್ಜೆಯಲ್ಲೇ ಕೂತಿದ್ದಾರೆ. ಎರಡು ಸಲ ಎದ್ದೆ. ಎರಡು ಸಲ ಕೂತೆ.

12.25

ಬಲಗೈ ಬೆರಳು ಆಡಿತು! "ನೋಡಿ ಸಾರ್, ಹಿಡೀತಿದ್ದಾಳೆ!" ನರ್ಸ್‌ಗೂ ಖುಷಿ. ಕರಗುತ್ತಿದೆ. ಈಗ ಹೇಗೆ ಬಾಯಿ ಬಿಡಲಿ? ಮುಚ್ಚಿಕೊಂಡಾದರೂ ಹೇಗಿರಲಿ? ಹೆಂಡತಿ ನನ್ನನ್ನು ನೋಡಿ ನಗುತ್ತಾಳೆ. ಆ ನಗು ತಡೆಯಲಾಗುತ್ತಿಲ್ಲ.

12.38

ಮಾತಾಡಿದಳು. "ಅಪ್ಪಾ" ಅಂದಳು. ತೊದಲು, ಆದರೂ ಅಪ್ಪಾ! ಇಬ್ಬರೂ ಅತ್ತೆವು. ಇನ್ನೇನೋ ಹೇಳುತ್ತಿದ್ದಾಳೆ. ಎಡಗೈ ಹಣೆಗೆ ಹೋಯಿತು.

"ಅಪ್ಪಾ... ತಲೆ... ತುಂಬಾ..."

ಪಂಪಿನಲ್ಲಿ ಇನ್ನೂ ಹನ್ನೆರಡು ನಿಮಿಷ. ಆರು ಹೆಜ್ಜೆ. ಡಾಕ್ಟ್ರೇ, ಆ ಏಳೂವರೆ —