ತಲೆ ತಿರುಗುವ ಫ್ಲ್ಯಾಶ್

ಗುಬ್ಬೀ,

ಕ್ಯಾಮೆರಾ ಮಾರುವ ಮಾತು ಬಿಡು. ಬೀರುವಿನ ಮೇಲಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದೇನೆ. ಫ್ಲ್ಯಾಶಿಗೆ ಬೇಕಾದ ನಾಲ್ಕು ಸೆಲ್ ಚಾರ್ಜಿಗೆ ಹಾಕಿದ್ದೇನೆ, ಹತ್ತು ಗಂಟೆಗೆ ತೆಗೆ.

ತಲೆ ಮೇಲಕ್ಕೆ ತಿರುಗುವ ಫ್ಲ್ಯಾಶೇ ಬೇಕು ಅಂದಿದ್ದೆ ನೀನು. "ಬೆಳಕು ಬಂದ್ರೆ ಆಯ್ತಲ್ವೇನೇ" ಅಂತ ತಿರುಗದ ಅಗ್ಗದ್ದನ್ನು ಕೊಡಿಸಿದವಳು ನಾನು. ಅಕ್ಕನ ಮದುವೆಯ ಫೋಟೊದಲ್ಲಿ ಬೆಳಕು ನೇರ ಬಡಿದು ಎಲ್ಲರ ಮುಖ ಸುಣ್ಣ ಬಳಿದಂತೆ ಬಂದಾಗ ಚಿಕ್ಕಮ್ಮನ ಜೊತೆ ಸೇರಿ ನಕ್ಕವಳೂ ನಾನೇ. ನಿನ್ನ ಕಣ್ಣು ತುಂಬಿದ್ದು ಕಂಡರೂ ತಪ್ಪು ನನ್ನದು ಅನ್ನಲಿಲ್ಲ. ಈಗ ಚಿಕ್ಕಮ್ಮನಿಗೆ ಫೋನ್ ಮಾಡಿ ಅದನ್ನು ಹೇಳಿದ್ದೇನೆ.

ನೀನು ಆರಿಸಿದ್ದ ಸೆಕೆಂಡ್ ಹ್ಯಾಂಡ್ ಫ್ಲ್ಯಾಶ್ ಅಂಗಡಿಯಲ್ಲಿ ಇನ್ನೂ ಇದೆಯಂತೆ, ತರಲು ಹೊರಟೆ. ಬೆಳಕು ಚಾವಣಿಗೆ ಬಡಿದು ಮುಖಕ್ಕೆ ಇಳಿಯಬೇಕು ಅಂದಿದ್ದೆಯಲ್ಲ, ಸ್ಟೂಲು ಹತ್ತಿ ಜೇಡರ ಬಲೆಯನ್ನೆಲ್ಲ ತೆಗೆದಿದ್ದೇನೆ.

ಮೊದಲ ಫೋಟೊ ನನ್ನದು ತೆಗೆ. ನೀನು ನಗು ಅಂದಾಗ ಮಾತ್ರ ನಗುತ್ತೇನೆ.

ಅಮ್ಮ